ತೂಕ ಇಳಿಸಿದ ಮೇಲೆ 21 ಕಿ.ಮೀ. ಓಟಕ್ಕೆ ಸಜ್ಜಾಗುವುದು ಹೇಗೆ?

ನಾನು 112 ಕೆ.ಜಿ. ಇದ್ದೆ. ಎರಡು ವರ್ಷದಲ್ಲಿ 76ಕ್ಕೆ ಇಳಿದೆ. ಲಾಲ್‌ಬಾಗ್‌ನಲ್ಲಿ ದಿನಾ ನಡೆಯುತ್ತಿದ್ದವನಿಗೆ ಒಂದು ಬೆಳಿಗ್ಗೆ ಓಡಬೇಕು ಅನ್ನಿಸಿತು. ಓಡಿದೆ. ಏದುಸಿರು ಬರಲಿಲ್ಲ. ಆ ಖುಷಿಗೆ ದಿನಾ ಓಡತೊಡಗಿದೆ. ನಾಲ್ಕನೇ ವಾರ ಮೊಣಕಾಲಿನ ಕೆಳಗಿನ ಎಲುಬು ಮುಟ್ಟಿದರೆ ಸಾಕು, ನೋವು. ಆರು ವಾರ ಓಟ ಬಂದ್. ಡಾಕ್ಟರು ಕೇಳಿದ ಮೊದಲ ಪ್ರಶ್ನೆ: "ಊಟ ಏನು ಮಾಡ್ತೀರಿ?"

ಪ್ರಶ್ನೆ ಸರಿಯಾಗಿಯೇ ಇತ್ತು. ತೂಕ ಇಳಿಸುವಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ, ಎಲುಬು ಕೂಡ ಸ್ವಲ್ಪ ತೆಳುವಾಗಬಹುದು. ಎದೆ, ಉಸಿರು ಬೇಗ ಸುಧಾರಿಸುತ್ತವೆ. ಎಲುಬಿಗೆ, ಸ್ನಾಯುವನ್ನು ಎಲುಬಿಗೆ ಹಿಡಿದಿಡುವ ಕಟ್ಟುಗಳಿಗೆ ತಿಂಗಳುಗಟ್ಟಲೆ ಬೇಕು. ಅವನ್ನು ಕಟ್ಟಲು ಊಟವೂ ಬೇಕು. ನಾನು ಎರಡೂ ಕೊಟ್ಟಿರಲಿಲ್ಲ.

ಮೊದಲು ಡಾಕ್ಟರ ಹತ್ತಿರ ಹೋಗಿ

ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ವಿಟಮಿನ್ ಬಿ12, ವಿಟಮಿನ್ ಡಿ ನೋಡಿಸಿ. ಹೃದಯದ ತಪಾಸಣೆ ಬೇಕಾ ಅಂತಲೂ ಕೇಳಿ. ಬಿಪಿ ಅಥವಾ ಶುಗರ್ ಮಾತ್ರೆ ತಗೊಳ್ಳುತ್ತಿದ್ದರೆ ಇದು ಇನ್ನೂ ಮುಖ್ಯ. 112 ಕೆ.ಜಿ. ಇದ್ದಾಗ ಬರೆದ ಡೋಸ್ 76ಕ್ಕೆ ಜಾಸ್ತಿಯಾಗಬಹುದು. ಓಡುವಾಗ ಶುಗರ್ ಇಳಿದು ತಲೆ ತಿರುಗಿದರೆ ಅಪಾಯ. ಹೊಟ್ಟೆಯ ಆಪರೇಷನ್ ಮಾಡಿಸಿ ತೂಕ ಇಳಿಸಿದವರು ಓಟದ ಮಧ್ಯೆ ತಿನ್ನುವ ಸಿಹಿ ಜೆಲ್ ಬಗ್ಗೆಯೂ ಕೇಳಿಕೊಳ್ಳಿ. ಒಮ್ಮೆಲೇ ಅಷ್ಟು ಸಕ್ಕರೆ ಹೋದರೆ ಕೆಲವರಿಗೆ ಹೊಟ್ಟೆ ನುಲಿದು ಬೆವರು, ಸುಸ್ತು ಬರುತ್ತದೆ.

ಓಡಿ, ನಡೆಯಿರಿ, ಮತ್ತೆ ಓಡಿ

ಬೆಂಗಳೂರಿನ ದೊಡ್ಡ 21 ಕಿ.ಮೀ. ಓಟ ಸಾಮಾನ್ಯವಾಗಿ ಸೆಪ್ಟೆಂಬರ್–ಅಕ್ಟೋಬರ್ ಹೊತ್ತಿಗೆ ಬರುತ್ತದೆ. ಮಾರ್ಚ್‌ನಲ್ಲಿ ಶುರು ಮಾಡಿದರೆ ಆರು ತಿಂಗಳು ಸಿಗುತ್ತದೆ. ಅಷ್ಟು ಬೇಕೇ ಬೇಕು.

ಮೊದಲ ತಿಂಗಳು ವಾರಕ್ಕೆ ಮೂರೇ ದಿನ. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಒಟ್ಟು ಅರ್ಧ ಗಂಟೆ. ಎರಡು ಓಟದ ನಡುವೆ ಒಂದು ದಿನವಾದರೂ ಬಿಡುವಿರಲಿ. ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡುವಷ್ಟು ನಿಧಾನ ಓಡಿ. ಎರಡೇ ಪದಕ್ಕೆ ಮಾತು ನಿಲ್ಲುತ್ತಿದ್ದರೆ ವೇಗ ಜಾಸ್ತಿಯಾಯಿತು. ನಡಿಗೆಯ ಪಾಲು ಮೆಲ್ಲಗೆ ಕಮ್ಮಿ ಮಾಡುತ್ತಾ ಹೋಗಿ, ಮೂರನೇ ತಿಂಗಳಲ್ಲಿ 5 ಕಿ.ಮೀ. ನಿಲ್ಲದೆ ಓಡಿದರೆ ಸಾಕು.

ಆಮೇಲೆ ಭಾನುವಾರದ ಉದ್ದ ಓಟ. 6, 7, 8, ಹೀಗೆ ಸುಮಾರು ಒಂದೊಂದೇ ಕಿ.ಮೀ. ಏರಿಸಿ. ಪ್ರತಿ ನಾಲ್ಕನೇ ವಾರ ದೂರ ಇಳಿಸಿ. ಓಟಕ್ಕೆ ಮೂರು ವಾರ ಮೊದಲು 16ರಿಂದ 18 ಕಿ.ಮೀ. ಒಮ್ಮೆ ಮುಟ್ಟಿದರೆ 21 ಆಗುತ್ತದೆ. ನಡುನಡುವೆ ನಡೆಯುವುದು ಸೋಲಲ್ಲ. ನಾನು ಇವತ್ತಿಗೂ ಒಂಬತ್ತು ನಿಮಿಷ ಓಡಿ ಒಂದು ನಿಮಿಷ ನಡೆಯುತ್ತೇನೆ.

ಜಾಗದ ಮಾತು. ಭಾನುವಾರ ಕಬ್ಬನ್ ಪಾರ್ಕ್ ಒಳಗೆ ವಾಹನ ಬಿಡುವುದಿಲ್ಲ, ಉದ್ದ ಓಟಕ್ಕೆ ಅದಕ್ಕಿಂತ ಒಳ್ಳೆಯ ಜಾಗ ನನಗೆ ಸಿಕ್ಕಿಲ್ಲ. ಮರದ ಕೆಳಗಿನ ಮಣ್ಣಿನ ದಾರಿ ಕಾಲಿಗೆ ಮೆತ್ತಗೆ. ಕಲ್ಲು ಎದ್ದ ಫುಟ್‌ಪಾತ್ ಮೇಲೆ ಕತ್ತಲಲ್ಲಿ ಓಡಬೇಡಿ. ಮಲ್ಲೇಶ್ವರದ ಏರು ರಸ್ತೆಗಳು ಐದನೇ ತಿಂಗಳಿಗೆ ಇರಲಿ.

ಓಡದ ಎರಡು ದಿನ ಕಾಲಿಗೆ ಬಲ ಬರುವ ವ್ಯಾಯಾಮ ಮಾಡಿ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದು. 20 ನಿಮಿಷ ಸಾಕು.

ಊಟ: ಇಲ್ಲೇ ಎಲ್ಲರೂ ಎಡವುವುದು

ತೂಕ ಇಳಿಸಿದವರಿಗೆ ಅನ್ನ ಅಂದರೆ ಭಯ. ನನಗೂ ಇತ್ತು. ಉದ್ದ ಓಟದ ದಿನವೂ ಎರಡು ಚಪಾತಿ, ಸೌತೆಕಾಯಿ ತಿಂದು ಮಲಗುತ್ತಿದ್ದೆ. ನಿದ್ದೆ ಬರುತ್ತಿರಲಿಲ್ಲ, ಸುಮ್ನೆ ಸಿಟ್ಟು ಬರುತ್ತಿತ್ತು. ಪದೇಪದೇ ನೆಗಡಿ. ಮೈ ಹಸಿದಿದೆ ಅನ್ನೋದಕ್ಕೆ ಇವೆಲ್ಲ ಗುರುತು. ಹೆಂಗಸರಿಗೆ ಮುಟ್ಟು ತಪ್ಪಿದರೆ ಅದೂ ದೊಡ್ಡ ಎಚ್ಚರಿಕೆ, ತಡಮಾಡದೆ ಡಾಕ್ಟರಿಗೆ ಹೇಳಿ.

ಆದ್ದರಿಂದ ಈ ಆರು ತಿಂಗಳು ತೂಕ ಇನ್ನೂ ಇಳಿಸುವ ಆಸೆ ಬಿಡಿ. ಒಂದೆರಡು ಕೆ.ಜಿ. ಏರಿದರೂ ಹೆದರಬೇಡಿ. ಉದ್ದ ಓಟದ ಹಿಂದಿನ ರಾತ್ರಿ ಅನ್ನ ಸಾರು ಹೊಟ್ಟೆ ತುಂಬ ಉಣ್ಣಿ. ಓಟಕ್ಕೆ ಮುಂಚೆ ಬಾಳೆಹಣ್ಣು. ಒಂದು ಗಂಟೆ ದಾಟಿ ಓಡುವುದಾದರೆ ಜೇಬಿನಲ್ಲಿ ಖರ್ಜೂರ ಅಥವಾ ಕಡಲೆ ಮಿಠಾಯಿ. ಮುಗಿದ ಮೇಲೆ ಮೊಟ್ಟೆ ಅಥವಾ ಹೆಸರುಕಾಳು ಉಸಲಿ. ರಾಗಿ ಮುದ್ದೆ ನಮ್ಮ ಪುಣ್ಯ: 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ. ಮುದ್ದೆಗೆ ಸೊಪ್ಪಿನ ಸಾರು, ಮೇಲೆ ನಿಂಬೆಹುಳಿ. ಹುಳಿ ಇದ್ದರೆ ಸೊಪ್ಪಿನ ಕಬ್ಬಿಣ ಮೈಗೆ ಚೆನ್ನಾಗಿ ಹಿಡಿಯುತ್ತದೆ. ಊಟದ ಬೆನ್ನಿಗೇ ಕಾಫಿ ಕುಡಿದರೆ ಅದು ಕಮ್ಮಿಯಾಗುತ್ತದೆ, ಒಂದು ಗಂಟೆ ಬಿಟ್ಟು ಕುಡಿಯಿರಿ.

ಯಾರೂ ಹೇಳದ ಸಂಗತಿ: ಜೋತುಬಿದ್ದ ಚರ್ಮ

ಹೊಟ್ಟೆ, ತೊಡೆ, ಕಂಕುಳಲ್ಲಿ ಚರ್ಮ ಸಡಿಲವಾಗಿ ಉಳಿದಿರುತ್ತದೆ. 10 ಕಿ.ಮೀ. ದಾಟಿದರೆ ಬೆವರಿಗೆ ಉಜ್ಜಿ ಸುಲಿದುಹೋಗುತ್ತದೆ. ಸ್ನಾನದಲ್ಲಿ ಉರಿ ತಡೆಯಲಾಗದು. ಓಡುವ ಮುಂಚೆ ಅಲ್ಲೆಲ್ಲ ವ್ಯಾಸಲೀನ್ ದಪ್ಪಗೆ ಹಚ್ಚಿ. ಹತ್ತಿ ಬಟ್ಟೆ ಬೇಡ, ಒದ್ದೆಯಾಗಿ ಅಂಟಿಕೊಳ್ಳುತ್ತದೆ. ಮೈಗೆ ಬಿಗಿಯಾಗಿ ಕೂರುವ, ಬೇಗ ಒಣಗುವ ಒಳಚಡ್ಡಿ, ಬನಿಯನ್ ಹಾಕಿ. ಹೊಟ್ಟೆಯ ಚರ್ಮ ಅಲುಗಾಡದ ಹಾಗೆ ಸೊಂಟದ ಪಟ್ಟಿ ಎತ್ತರವಾಗಿರುವ ಚಡ್ಡಿ ಸಿಗುತ್ತದೆ, ಅದನ್ನೇ ಕೇಳಿ. ಶೂ ಸಹ ಹಳೆಯದು ಬೇಡ. ತೂಕ ಇಳಿದ ಮೇಲೆ ಪಾದದ ಅಳತೆ ಬದಲಾಗಿರಬಹುದು. ಸಂಜೆ ಹೊತ್ತು, ಪಾದ ಸ್ವಲ್ಪ ಉಬ್ಬಿರುವಾಗ, ಹೊಸ ಅಳತೆ ತಗೊಳ್ಳಿ.

ಓಟದ ದಿನ

ಹೊಸ ಶೂ, ಹೊಸ ತಿಂಡಿ, ಯಾವುದೂ ಬೇಡ. ಮೊದಲ 3 ಕಿ.ಮೀ. ಎಲ್ಲರೂ ನಿಮ್ಮನ್ನು ದಾಟಲಿ. ಬಾಯಾರಿದಷ್ಟು ಮಾತ್ರ ನೀರು ಕುಡಿಯಿರಿ, ಅತಿಯಾದ ನೀರೂ ರಕ್ತದ ಉಪ್ಪಿನಂಶ ಇಳಿಸುತ್ತದೆ. ಎಲುಬಿನ ಒಂದೇ ಜಾಗದಲ್ಲಿ ಚುಚ್ಚುವ ನೋವು ಬಂದರೆ ಅಲ್ಲೇ ನಿಲ್ಲಿ.

ಗೆರೆ ದಾಟಿದ ಕೂಡಲೇ ಕೂರಬೇಡಿ, ಹತ್ತು ನಿಮಿಷ ನಡೆಯಿರಿ, ಒದ್ದೆ ಬನಿಯನ್ ಬದಲಿಸಿ. ಆಮೇಲೆ ಹತ್ತಿರದ ದರ್ಶಿನಿಗೆ ಹೋಗಿ. ಇಡ್ಲಿ, ವಡೆ, ಬೇಕಾದರೆ ಇನ್ನೊಂದು ಪ್ಲೇಟ್ ಇಡ್ಲಿ. ಆ ದಿನ ಕ್ಯಾಲೊರಿ ಲೆಕ್ಕ ಹಾಕಬೇಡಿ. ತೂಕದ ಯಂತ್ರದ ಮೇಲೂ ಒಂದು ವಾರ ನಿಲ್ಲಬೇಡಿ.