ಗಿನಿ ಹೆಸರಿನ ಮೂಲ ಹುಡುಕಿದ್ದು: ನನ್ನ ಅನುಭವ

ಹಳೆ ನಾಣ್ಯಗಳ ಹುಚ್ಚು ನನಗೆ. ಇಂಗ್ಲೆಂಡಿನ ನಾಣ್ಯಗಳ ಪೈಕಿ ಜಾಸ್ತಿ ತಲೆ ಕೆಡಿಸಿದ್ದು ಗಿನಿ. ಯಾಕಂದ್ರೆ ಆ ಹೆಸರು ನಾಣ್ಯದ ಮೇಲೆ ಎಲ್ಲೂ ಇಲ್ಲ!

ಯಾವ ನಾಣ್ಯ ಸಿಕ್ಕರೂ ನಾನು ಮೊದಲು ಸುತ್ತಲಿನ ಬರಹ ಓದುತ್ತೇನೆ. ಎರಡನೇ ಚಾರ್ಲ್ಸ್ ಕಾಲದ ಗಿನಿಯ ಮೇಲಿದ್ದದ್ದು ಲ್ಯಾಟಿನ್‌ನಲ್ಲಿ ರಾಜನ ಹೆಸರು, ಅವನು ಆಳುತ್ತಿದ್ದ ನಾಡುಗಳು, ಇಸವಿ. ಬೆಲೆಯೂ ಇಲ್ಲ. ಭೂತಗನ್ನಡಿ ಹಿಡಿದು ನಿಧಾನಕ್ಕೆ ನೋಡಿದೆ. ರಾಜನ ಕತ್ತಿನ ಕೆಳಗೆ ಪುಟ್ಟ ಆನೆ! ಇನ್ನು ಕೆಲವದರಲ್ಲಿ ಆನೆಯ ಬೆನ್ನ ಮೇಲೆ ಕೋಟೆ. ನಮ್ಮ ಕಣ್ಣಿಗೆ ಅಂಬಾರಿಯಂತೆಯೇ ಕಾಣುತ್ತದೆ.

ಲಂಡನ್‌ನಲ್ಲಿ ಆನೆ ಎಲ್ಲಿಂದ ಬಂತು? ಆಫ್ರಿಕಾ ವ್ಯಾಪಾರಕ್ಕೆ ರಾಜನಿಂದ ಸನ್ನದು ಪಡೆದ ಕಂಪನಿಯ ಗುರುತು ಅದು. ಪಶ್ಚಿಮ ಆಫ್ರಿಕಾದ ಗಿನಿ ಕರಾವಳಿಯಿಂದ ಅದು ತಂದುಕೊಟ್ಟ ಚಿನ್ನದಲ್ಲಿ ಹೊಡೆದ ನಾಣ್ಯಕ್ಕೆ ಈ ಮುದ್ರೆ. ಅದೇ ಕರಾವಳಿಯಿಂದ ಆ ಕಂಪನಿ ಜನರನ್ನೂ ಗುಲಾಮರಾಗಿ ಸಾಗಿಸುತ್ತಿತ್ತು. ಅದರ ಮುಂದಾಳು ರಾಜನ ಸ್ವಂತ ತಮ್ಮ ಜೇಮ್ಸ್. ಆನೆ ಚೆಂದ ಅಂತ ಸುಮ್ನೆ ನೋಡಿಬಿಡೋಕೆ ಆಗಲ್ಲ.

1663ರಲ್ಲಿ ಟಂಕಸಾಲೆ ಹೊರಡಿಸಿದ್ದು 20 ಶಿಲ್ಲಿಂಗ್, ಅಂದರೆ ಒಂದು ಪೌಂಡ್ ಬೆಲೆಯ ನಾಣ್ಯ ಅಂತ. ಗಿನಿ ಅಂದದ್ದು ಜನ. ಆನೆ ಇರುವ ಒಂದು, ಇಲ್ಲದ ಒಂದು ನಾಣ್ಯವನ್ನು ಪಕ್ಕಪಕ್ಕ ಇಟ್ಟು ತೂಗಿದೆ. ಎರಡೂ ಸುಮಾರು 8.4 ಗ್ರಾಂ, ಎರಡೂ 22 ಕ್ಯಾರೆಟ್‌ನವು. ಚಿನ್ನ ಯಾರು ತಂದರು ಅನ್ನೋದಷ್ಟೇ ವ್ಯತ್ಯಾಸ. ಆದರೂ ಹೆಸರು ಎರಡಕ್ಕೂ ಅಂಟಿಕೊಂಡಿತು.

ಬೆಲೆ ಮಾತ್ರ ನೆಟ್ಟಗೆ ನಿಲ್ಲಲಿಲ್ಲ. ಆಗ ಬೆಳ್ಳಿ ಶಿಲ್ಲಿಂಗುಗಳ ಅಂಚನ್ನು ಜನ ಕತ್ತರಿಸಿ ಕದಿಯುತ್ತಿದ್ದರು. ಅವು ಸವೆದು ಹಗುರಾದಂತೆ ಚಿನ್ನದ ಗಿನಿ ಏರಿತು, 1690ರ ದಶಕದಲ್ಲಿ 30 ಶಿಲ್ಲಿಂಗ್‌ವರೆಗೆ. 1717ರಲ್ಲಿ 21 ಶಿಲ್ಲಿಂಗ್ ಅಂತ ಗೊತ್ತುಮಾಡಿದರು. ಆಗ ಟಂಕಸಾಲೆಯ ಮುಖ್ಯಸ್ಥ ಐಸಾಕ್ ನ್ಯೂಟನ್. ಹೌದು, ಅವರೇ!

1814ಕ್ಕೆ ಗಿನಿ ನಿಂತಿತು. ಮೂರು ವರ್ಷಕ್ಕೆ ಸಾವರಿನ್ ಬಂತು. ನಮ್ಮಲ್ಲಿ ಚಿನ್ನ ಅಳೆಯುವ 'ಸವರನ್' ಅದೇ. ನಾಣ್ಯ ಹೋದರೂ ಡಾಕ್ಟರು, ವಕೀಲರು ಬಹಳ ಕಾಲ ಗಿನಿ ಲೆಕ್ಕದಲ್ಲೇ ಫೀಸು ಹೇಳುತ್ತಿದ್ದರು. ಒಂದು ಪೌಂಡಿಗಿಂತ ಒಂದು ಶಿಲ್ಲಿಂಗ್ ಜಾಸ್ತಿ ಸಿಗುತ್ತಲ್ವಾ! ಕುದುರೆ ಜೂಜಿನವರಂತೂ ಇವತ್ತಿಗೂ ಬಿಟ್ಟಿಲ್ಲ. ಇಂಗ್ಲೆಂಡಿನ ನ್ಯೂಮಾರ್ಕೆಟ್ ಊರಲ್ಲಿ 1809ರಿಂದ '2000 ಗಿನೀಸ್' ಓಟ ಇದೆ, ಮುಂಬೈಯಲ್ಲೂ ಅದೇ ಹೆಸರಿನದೊಂದು ನಡೆಯುತ್ತದೆ.