ಅಪರೂಪದ ತೋಟೆಯ ರೈಫಲ್: ಕೊಳ್ಳುವ ಮುನ್ನ ನೋಡಬೇಕಾದ್ದು, ಗುರಿ ಕೂರಿಸುವ ಬಗೆ

ಅಮೆರಿಕ, ಕೆನಡಾಗಳ ಕೋವಿ ಅಂಗಡಿಯಲ್ಲಿ .308 ಮತ್ತು .30-06 ಎಂಬ ಮಾಮೂಲಿ ತೋಟೆಗಳ ರೈಫಲ್‌ಗಳ ಸಾಲು ಮುಗಿದ ಮೇಲೆ ಒಂದು ಮೂಲೆ ಇರುತ್ತದೆ. 7×57 ಮೌಸರ್, 6.5×55 ಸ್ವೀಡಿಷ್, .257 ರಾಬರ್ಟ್ಸ್, .250 ಸ್ಯಾವೇಜ್, 9.3×62 ಇಂಥ ಅಪರೂಪದ ತೋಟೆಗಳ ರೈಫಲ್‌ಗಳು ಸಿಗುವುದು ಅಲ್ಲೇ. ಅಲ್ಲಿ ನೆಲೆಸಿ, ಪರವಾನಗಿ ಪಡೆದು ಜಿಂಕೆ ಬೇಟೆಗೋ ಗುರಿ ಅಭ್ಯಾಸಕ್ಕೋ ಹೊರಟವರು ಈ ಮೂಲೆಯನ್ನು ಬಿಟ್ಟು ಹೋಗಬಾರದು. ಆದರೆ ಇಂಥ ರೈಫಲ್ಲನ್ನು ಮೊದಲು ಪರೀಕ್ಷಿಸಬೇಕು, ಆಮೇಲೆ ಪ್ರೀತಿಸಬೇಕು.

ಭಾರತದ ಮಾತೇ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಇಲ್ಲಿ ಹವ್ಯಾಸದ ಬೇಟೆಗೆ ಜಾಗವಿಲ್ಲ. ಕೊಡಗಿನ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಂಥ ಗುರಿಯಾಟ ಉಳಿದಿದೆ. ಸೇನೆಯ .303 ನಾಗರಿಕರಿಗೆ ನಿಷಿದ್ಧವಾದ್ದರಿಂದ ನಮ್ಮಲ್ಲಿ .315 ಬೋರ್ ಮನೆಮಾತಾಯಿತು. ಅದರ ಮೂಲ ಆಸ್ಟ್ರಿಯಾದ 8×50 ಮ್ಯಾನ್‌ಲಿಕರ್. ಹೊರದೇಶದಲ್ಲಿ ಅದೇ ಅಪರೂಪದ ತೋಟೆ.

ಯಾವುದಕ್ಕೆ ಯಾವುದು

ಒಂದೇ ಆರಿಸಿ ಎಂದರೆ 7×57. 1892ರಲ್ಲಿ ಹುಟ್ಟಿದ ಇದು 140 ಗ್ರೇನ್ (ಸುಮಾರು 9 ಗ್ರಾಂ) ಗುಂಡನ್ನು ಸೆಕೆಂಡಿಗೆ ಸುಮಾರು 2660 ಅಡಿ ವೇಗದಲ್ಲಿ ಒಯ್ಯುತ್ತದೆ. ಭುಜಕ್ಕೆ ಒದೆತ ಕಡಿಮೆ, ಜಿಂಕೆಗೆ ಬಲ ಧಾರಾಳ. 6.5×55 ಕೂಡ ಇದೇ ಗುಣದ್ದು. ಸ್ವೀಡನ್, ನಾರ್ವೆಗಳಲ್ಲಿ ಅದರಿಂದ ಮೂಸ್ ಎಂಬ ಭಾರಿ ಜಿಂಕೆಯ ಬೇಟೆಯನ್ನೂ ಆಡುತ್ತಾರೆ. ಇನ್ನೂ ಹಗುರ ಬೇಕೆಂದರೆ 7×57ರ ಕುತ್ತಿಗೆ ಕಿರಿದು ಮಾಡಿ ರೂಪಿಸಿದ .257 ರಾಬರ್ಟ್ಸ್. ರೆಮಿಂಗ್ಟನ್ ಕಂಪನಿ ಅದನ್ನು 1934ರಲ್ಲಿ ಮಾರುಕಟ್ಟೆಗೆ ತಂದಿತು. ಭಾರಿ ಪ್ರಾಣಿಗೆ 9.3×62. ಬರ್ಲಿನ್‌ನ ಕೋವಿ ಕುಶಲಕರ್ಮಿ ಆಟ್ಟೊ ಬಾಕ್ 1905ರಲ್ಲಿ ಮಾಡಿದ ತೋಟೆ ಅದು. 286 ಗ್ರೇನ್ ಗುಂಡು ಸೆಕೆಂಡಿಗೆ ಸುಮಾರು 2360 ಅಡಿ ಹೋಗುತ್ತದೆ. ಮೊದಲ ರೈಫಲ್ಲಾಗಿ ಕೊಂಡರೆ ಒದೆತಕ್ಕೆ ಹೆದರಿ ಗುರಿ ಕೆಡುತ್ತದೆ.

ನಿಮ್ಮ ರಾಜ್ಯದ ನಿಯಮವನ್ನೂ ಓದಿಕೊಳ್ಳಿ. ಕೊಲೊರಾಡೊದಲ್ಲಿ ಜಿಂಕೆಗೆ .24 ಕ್ಯಾಲಿಬರಿಗಿಂತ ಸಣ್ಣದು, 70 ಗ್ರೇನ್‌ಗಿಂತ ಹಗುರದ್ದು ಕೂಡದು. ಎಲ್ಕ್‌ಗೆ ಕನಿಷ್ಠ 85 ಗ್ರೇನ್ ಬೇಕು.

ನಳಿಗೆಯ ಮೇಲಿನ ಹೆಸರನ್ನು ಅರ್ಧ ಮಾತ್ರ ನಂಬಿ

ಹಳೆಯ ರೈಫಲ್ಲಿನ ಚೇಂಬರನ್ನು, ಅಂದರೆ ತೋಟೆ ಕೂರುವ ಗೂಡನ್ನು, ಯಾರೋ ಕೊರೆದು ಬದಲಿಸಿ, ಹೆಸರು ಮಾತ್ರ ಹಾಗೇ ಉಳಿದಿರಬಹುದು. ಹೆಸರುಗಳೂ ಮೋಸ ಮಾಡುತ್ತವೆ. .303 ಸ್ಯಾವೇಜ್ ಬೇರೆ, .303 ಬ್ರಿಟಿಷ್ ಬೇರೆ. ಹೆಚ್ಚು ಅಪಾಯದ್ದು 8×57: 1905ಕ್ಕೆ ಮೊದಲಿನ ಜೆ ಬಗೆಗೆ .318 ಇಂಚಿನ ಗುಂಡು, ನಂತರದ ಜೆಎಸ್ ಬಗೆಗೆ .323 ಇಂಚಿನದು. ದಪ್ಪ ಗುಂಡು ಸಣ್ಣ ನಳಿಗೆಗೆ ನುಗ್ಗಿದರೆ ಒತ್ತಡ ಏರಿ ರೈಫಲ್ಲೇ ಸೀಳಬಹುದು.

ಅನುಮಾನ ಬಂದರೆ ಚೇಂಬರಿನ ಅಚ್ಚು ತೆಗೆಸಿ. ಸೆರೊಸೇಫ್ ಎಂಬ ಮಿಶ್ರಲೋಹ ನೀರು ಕುದಿಯುವ ಶಾಖಕ್ಕಿಂತ ಕೆಳಗೇ ಕರಗುತ್ತದೆ. ಚೇಂಬರಿನ ಮುಂದೆ ನಳಿಗೆಗೆ ಬಟ್ಟೆಯ ಬಿರಡೆ ಜಡಿದು ಅದನ್ನು ಸುರಿಯಬೇಕು, ಗಟ್ಟಿಯಾದ ಮೇಲೆ ಹಿಂದಕ್ಕೆ ತಳ್ಳಿ ತೆಗೆಯಬೇಕು. ಮೊದಲು ಕುಗ್ಗಿ ಆಮೇಲೆ ಹಿಗ್ಗುವ ಲೋಹವಿದು. ಅಳೆಯಲು ಸರಿಯಾದ ಹೊತ್ತು ಸುರಿದ ಸುಮಾರು ಒಂದು ಗಂಟೆಯ ನಂತರ. ಆತುರಪಟ್ಟು ಅಳೆದರೆ ಲೆಕ್ಕ ತಪ್ಪುತ್ತದೆ.

ಚೇಂಬರಿನ ಹಿಂಬದಿ ಮುಚ್ಚುವ ಅಗುಳಿಯಾದ ಬೋಲ್ಟ್ ಮುಚ್ಚಿದಾಗ ತೋಟೆಗೆ ಉಳಿಯುವ ಜಾಗವನ್ನು ಗೋ, ನೋ-ಗೋ ಎಂಬ ಎರಡು ಗೇಜುಗಳಿಂದ ನೋಡುತ್ತಾರೆ. ಗೋ ಇಟ್ಟಾಗ ಬೋಲ್ಟ್ ಬೆರಳ ತುದಿಯ ಒತ್ತಿಗೇ ಮುಚ್ಚಬೇಕು, ನೋ-ಗೋ ಇಟ್ಟಾಗ ಮುಚ್ಚಬಾರದು. ಒತ್ತಾಯ ಮಾಡಿದರೆ ಗೇಜೂ ಕೆಡುತ್ತದೆ, ಅಳತೆಯೂ ಸುಳ್ಳಾಗುತ್ತದೆ. ಈ ಎರಡು ಕೆಲಸಕ್ಕೆ ಅನುಭವಿ ಗನ್‌ಸ್ಮಿತ್‌ಗೆ ಕೊಡುವ ದುಡ್ಡು ದಂಡವಲ್ಲ.

1893, 1895ರ ಮೌಸರ್‌ಗಳಲ್ಲಿ 1898ರ ಮಾದರಿಗಿರುವ ಮೂರನೆಯ ಸುರಕ್ಷಾ ಲಗ್ (ಬೋಲ್ಟನ್ನು ಹಿಡಿದಿಡುವ ಉಬ್ಬು) ಇಲ್ಲ. ಅಮೆರಿಕದ 7×57 ತೋಟೆಗಳನ್ನು ಮೃದುವಾಗಿ ತುಂಬುವುದಕ್ಕೆ ಕಾರಣ ಈ ಹಳೆಯ ರೈಫಲ್‌ಗಳೇ. ಪೂರ್ಣ ಒತ್ತಡದ ಯುರೋಪಿನ ತೋಟೆಯನ್ನು ಇವುಗಳಲ್ಲಿ ಹಾಕಬೇಡಿ.

ನಳಿಗೆಯ ತಿರುಪು

ಹೆಚ್ಚಿನವರು ಎಡವುವುದು ಇಲ್ಲಿ. ನಳಿಗೆಯೊಳಗಿನ ಸುರುಳಿ ಗೆರೆಗಳು ಗುಂಡನ್ನು ತಿರುಗಿಸುತ್ತವೆ; ಒಂದು ಪೂರ್ತಿ ಸುತ್ತಿಗೆ ಹಿಡಿಯುವ ಉದ್ದವೇ ತಿರುಪು, ಆ ಉದ್ದ ಕಡಿಮೆಯಾದಷ್ಟೂ ತಿರುಪು ಬಿಗಿ. ಗುಂಡು ಉದ್ದವಾದಷ್ಟೂ ಬಿಗಿಯಾದ ತಿರುಪು ಬೇಕು. .250 ಸ್ಯಾವೇಜ್ 1915ರಲ್ಲಿ ಬಂದಾಗ 87 ಗ್ರೇನ್ ಗುಂಡಿಗೆ ಸೆಕೆಂಡಿಗೆ 3000 ಅಡಿ ವೇಗ ಎಂಬುದೇ ಅದರ ಆಕರ್ಷಣೆ. ಅದಕ್ಕಾಗಿ ನಳಿಗೆಯ ತಿರುಪು 14 ಇಂಚಿಗೆ ಒಂದು ಸುತ್ತು. ಆ ಹಳೆಯ ನಳಿಗೆಗೆ ಉದ್ದನೆಯ ಚೂಪು ಗುಂಡು ಹಾಕಿದರೆ ಅದು ಗಾಳಿಯಲ್ಲಿ ತೂರಾಡುತ್ತದೆ. .244 ರೆಮಿಂಗ್ಟನ್ ಸೋತದ್ದೂ ಹೀಗೇ. 1955ರಲ್ಲಿ 12 ಇಂಚಿನ ತಿರುಪಿನೊಂದಿಗೆ ಬಂತು. ಅದೇ ವರ್ಷದ .243 ವಿಂಚೆಸ್ಟರ್ 10 ಇಂಚಿನ ತಿರುಪಿನಿಂದ 100 ಗ್ರೇನ್ ಗುಂಡನ್ನು ನೇರವಾಗಿ ಒಯ್ದಿತು, ಜಿಂಕೆ ಬೇಟೆಗಾರರು ಅತ್ತ ಹೋದರು. 1963ರಲ್ಲಿ ತಿರುಪನ್ನು 9 ಇಂಚಿಗೆ ಬಿಗಿಮಾಡಿ, 6 ಮಿ.ಮೀ. ರೆಮಿಂಗ್ಟನ್ ಎಂದು ಹೊಸ ಹೆಸರಿಟ್ಟರೂ ಹೋದವರು ಮರಳಲಿಲ್ಲ. ತೋಟೆಯ ಹಿತ್ತಾಳೆ ಕವಚವಾದ ಖೋಲಿನಲ್ಲಿ ಒಂದಿಷ್ಟೂ ತಪ್ಪಿರಲಿಲ್ಲ.

ಅಳೆಯುವುದು ಸುಲಭ. ರೈಫಲ್ ಖಾಲಿಯೆಂದು ಕಣ್ಣಲ್ಲೂ ಬೆರಳಲ್ಲೂ ಖಚಿತ ಮಾಡಿಕೊಂಡು ಬೋಲ್ಟ್ ತೆಗೆಯಿರಿ. ಹಿಡಿ ಸಲೀಸಾಗಿ ತಿರುಗುವ ಸ್ವಚ್ಛತಾ ಕಡ್ಡಿಗೆ ಬಿಗಿಯಾದ ಬಟ್ಟೆ ಸಿಕ್ಕಿಸಿ ಒಳಗೆ ತಳ್ಳಿ. ಕಡ್ಡಿಯ ಮೇಲ್ಭಾಗಕ್ಕೆ ಒಂದು ಗುರುತು ಹಾಕಿ, ನಿಧಾನವಾಗಿ ಎಳೆಯಿರಿ. ಗುರುತು ಸುತ್ತು ಹೊಡೆದು ಮತ್ತೆ ಮೇಲೆ ಬರುವಷ್ಟರಲ್ಲಿ ಕಡ್ಡಿ ಎಷ್ಟು ಇಂಚು ಸರಿಯಿತೋ ಅದೇ ತಿರುಪು. ಮೂರು ಸಲ ಅಳೆದು ಸರಾಸರಿ ಹಿಡಿಯಿರಿ. ಬಟ್ಟೆ ಸಡಿಲವಿದ್ದರೆ ಜಾರಿ ಅಂಕಿ ಹೆಚ್ಚುತ್ತದೆ. ಹಳೆಯ 7×57ರಲ್ಲಿ 220 ಮಿ.ಮೀ., ಅಂದರೆ ಸುಮಾರು 8.7 ಇಂಚು, ಕಂಡರೆ 175 ಗ್ರೇನ್ ಗುಂಡಿಗೂ ಚಿಂತೆಯಿಲ್ಲ.

ಗುರಿ ಕೂರಿಸುವುದು

ಒಂದೇ ಲಾಟಿನ (ಒಟ್ಟಿಗೆ ತಯಾರಾದ ಕಂತಿನ) ಎರಡು ಪೆಟ್ಟಿಗೆ, ಅಂದರೆ 40 ತೋಟೆ, ಒಟ್ಟಿಗೆ ಕೊಳ್ಳಿ. ಅಪರೂಪದ ತೋಟೆ ಮುಂದಿನ ವಾರ ಅಂಗಡಿಯಲ್ಲಿ ಇರುತ್ತದೆಂಬ ಭರವಸೆ ಇಲ್ಲ. ಲಾಟು ಬದಲಾದರೆ ಗುಂಡು ಬೀಳುವ ಜಾಗವೂ ಬದಲಾಗಬಹುದು.

ಮೊದಲು 25 ಗಜದಲ್ಲಿ ಶುರುಮಾಡಿ. ಸಾಮಾನ್ಯ ಕಾಲು ನಿಮಿಷದ (ಇದು ಸಮಯವಲ್ಲ, ಕೋನದ ಅಳತೆ) ಸ್ಕೋಪಿನಲ್ಲಿ ಒಂದು ಕ್ಲಿಕ್ ಅಲ್ಲಿ ಗುಂಡನ್ನು 1/16 ಇಂಚು ಸರಿಸುತ್ತದೆ. ಎರಡು ಇಂಚು ತಪ್ಪಿದ್ದರೆ 32 ಕ್ಲಿಕ್ ಬೇಕು. ಅಲ್ಲಿ ನಡುವಿಗೆ ಬಂದ ಮೇಲೆ 100 ಗಜಕ್ಕೆ ಹೋಗಿ. ಅಲ್ಲಿ ಒಂದು ಕ್ಲಿಕ್ ಕಾಲು ಇಂಚು. ಮೂರು ಗುಂಡು ಹೊಡೆದು ಗುಂಪಿನ ನಡುವನ್ನು ನೋಡಿ ತಿರುಗಿಸಿ, ಒಂದೊಂದೇ ರಂಧ್ರವನ್ನು ಬೆನ್ನಟ್ಟಬೇಡಿ. ತೆಳು ನಳಿಗೆಗೆ ಮೂರು ಗುಂಡಿಗೊಮ್ಮೆ ಐದಾರು ನಿಮಿಷ ತಣಿಯಲು ಬಿಡಿ. ಬಿಸಿಯೇರಿದಾಗ ಗುಂಪು ಒಂದು ಕಡೆಗೆ ಜರುಗುತ್ತದೆ. 7×57ರ 140 ಗ್ರೇನ್ ಗುಂಡು 100 ಗಜದಲ್ಲಿ ಎರಡು ಇಂಚು ಮೇಲೆ ಬಿದ್ದರೆ 200ರಲ್ಲಿ ಹೆಚ್ಚುಕಡಿಮೆ ನೇರ, 300ರಲ್ಲಿ ಎಂಟೊಂಬತ್ತು ಇಂಚು ಕೆಳಗೆ. ಜಿಂಕೆಗೆ 200 ಗಜದೊಳಗೇ ಇರಿ.

ಕಾಗದವೂ ಖೋಲೂ ಹೇಳುವುದನ್ನು ಕೇಳಿ. ರಂಧ್ರ ದುಂಡಗಿರದೆ ಉದ್ದುದ್ದವಾಗಿದ್ದರೆ ಗುಂಡು ಅಡ್ಡ ತಿರುಗಿ ಬಿದ್ದಿದೆ. ತಿರುಪಿಗೆ ತಕ್ಕ ಗಿಡ್ಡ ಗುಂಡು ತನ್ನಿ. ಬೋಲ್ಟ್ ಎತ್ತಲು ಬಿಗಿಯಾದರೆ ಅಲ್ಲಿಗೇ ನಿಲ್ಲಿಸಿ. ಹೊಡೆದ ಖೋಲಿನ ಬುಡಕ್ಕೆ ತುಸು ಮೇಲೆ ಹೊಳೆಯುವ ಉಂಗುರ ಕಂಡರೆ, ಕಾಗದದ ಪಿನ್ನಿನ ತುದಿ ಬಗ್ಗಿಸಿ ಒಳಗಿನಿಂದ ಗೀರಿ ನೋಡಿ. ತಗ್ಗು ಸಿಕ್ಕಿದರೆ ಹಿತ್ತಾಳೆ ಅಲ್ಲಿ ತೆಳುವಾಗಿದೆ. ಮುಂದಿನ ಸಲ ಖೋಲು ಎರಡು ತುಂಡಾಗಬಹುದು. ಹೊಸ ತೋಟೆಯಲ್ಲೇ ಹೀಗಾದರೆ ರೈಫಲ್ಲನ್ನು ಮತ್ತೆ ಗೇಜಿಗೆ ಕೊಡಬೇಕು.

ಅಗ್ಗಕ್ಕೆ ಸಿಗುವ ಹಳೆಯ ಸೇನಾ ತೋಟೆ ಹೊಡೆದಿದ್ದರೆ ಅದೇ ದಿನ ನಳಿಗೆ ತೊಳೆಯಿರಿ. ಅವುಗಳ ಪ್ರೈಮರ್ (ಬುಡದಲ್ಲಿದ್ದು ಕಿಡಿ ಹಚ್ಚುವ ಮದ್ದು) ಬಿಟ್ಟುಹೋಗುವ ಉಪ್ಪು ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಬರೀ ಎಣ್ಣೆ ಹಚ್ಚಿಟ್ಟರೆ ಅದರಡಿಯಲ್ಲೇ ತುಕ್ಕು ಹಿಡಿಯುತ್ತದೆ. ಬಿಸಿನೀರು ಹಾಯಿಸಿ, ಒಣ ಬಟ್ಟೆ ಎಳೆದು, ಆಮೇಲೆ ತೆಳುವಾಗಿ ಎಣ್ಣೆ. ಬೋಲ್ಟಿನ ಮುಖವನ್ನೂ ಹೀಗೇ ಒರೆಸಿ.