ಬಿಲ್ಲಿನಲ್ಲಿ 31 ಲೈನು: ಏಳು ಶಾಲೆಗಳ ಫೋನು ಡಿಜಿಟಲ್ ಮಾಡಿದ ನನ್ನ ಅನುಭವ

ಕಳೆದ ಬೇಸಿಗೆ ರಜೆಯಲ್ಲಿ ಕೊನೆಯ ಶಾಲೆಯ ನಂಬರ್ ಪೋರ್ಟ್ ಆಯಿತು, ಅಂದರೆ ನಂಬರು ಅದೇ ಉಳಿದು ಹಳೇ ತಾಮ್ರದ ಲೈನಿನಿಂದ ಇಂಟರ್ನೆಟ್ ಫೋನಿಗೆ ಬಂತು. ಇಂಗ್ಲೆಂಡಿನ ಲೆಸ್ಟರ್ ಊರಿನ ಸುತ್ತಮುತ್ತ ಏಳು ಶಾಲೆ, ಆರು ಪ್ರೈಮರಿ, ಒಂದು ಸೆಕೆಂಡರಿ. ನೋಡಿಕೊಳ್ಳುವವನು ನಾನೊಬ್ಬ. ಒಟ್ಟು ಖರ್ಚು ಹದಿನಾಲ್ಕು ಸಾವಿರ ಪೌಂಡಿನ ಆಸುಪಾಸು. ಮೂರು ಕಂಪನಿಗಳಿಂದ ಕೊಟೇಶನ್ ತರಿಸಿದ್ದೆವು, ಅದರಲ್ಲಿ ತೀರಾ ಕಡಿಮೆಯದ್ದೇ 38 ಸಾವಿರ ಇತ್ತು. ಒಬ್ಬನ ಕೈಲಿ ಆಗುವ ಕೆಲಸವಲ್ಲ ಇದು ಅಂತ ನಮ್ಮ ಆಫೀಸಿನಲ್ಲೇ ಹೇಳಿದವರಿದ್ದರು. ಇಂಗ್ಲೆಂಡಿನ ಶಾಲೆಗಳಲ್ಲಿ ಇದೇ ಕೆಲಸ ಮಾಡುವ ನಮ್ಮವರು ಇಬ್ಬರು ಹೇಗೆ ಮಾಡಿದೆ ಅಂತ ಕೇಳಿದರು, ಅದಕ್ಕೆ ಬರೆಯುತ್ತಿದ್ದೇನೆ. ವಿ-ಲ್ಯಾನ್, ನೆಟ್‌ವರ್ಕ್ ಕೇಬಲ್ಲಿನಲ್ಲೇ ಫೋನಿಗೆ ಕರೆಂಟು ಕೊಡುವ ಪಿಒಇ ಸ್ವಿಚ್ಚು, ರೂಟರಿನಲ್ಲಿ ಸಿಪ್ ಎಎಲ್‌ಜಿ ಆಫ್ ಮಾಡುವುದು ಇಂಥ ನೆಟ್‌ವರ್ಕ್ ಸೆಟ್ಟಿಂಗುಗಳೆಲ್ಲ ಈ ಕೆಲಸದ ನಿಮಗೆ ಗೊತ್ತಿರುವುದೇ, ಬಿಡುತ್ತೇನೆ.

ಬ್ರಿಟನ್ನಿನಲ್ಲಿ ತಾಮ್ರದ ಲೈನಿನ ಹಳೇ ಫೋನು ಸೇವೆ 2025ರ ಡಿಸೆಂಬರಿಗೆ ನಿಲ್ಲುತ್ತದೆ ಅಂತಿತ್ತು. 2024ರಲ್ಲಿ ಅದನ್ನು 2027ರ ಜನವರಿ ಕೊನೆಗೆ ತಳ್ಳಿದರು. ಗಡುವು ಮುಂದೆ ಹೋದದ್ದೇ ತಡ, ಈಗೇನು ಅವಸರ ಅಂತ ಎಲ್ಲರೂ ಸುಮ್ಮನಾದರು. ಆದರೆ ಈ ಲೈನುಗಳ ಜಾಲ ನೋಡಿಕೊಳ್ಳುವ ಓಪನ್‌ರೀಚ್‌ನವರು 2023ರ ಸೆಪ್ಟೆಂಬರಿನಿಂದಲೇ ದೇಶದಾದ್ಯಂತ ಹೊಸ ಲೈನು ಮಾರುವುದನ್ನು ನಿಲ್ಲಿಸಿಬಿಟ್ಟಿದ್ದರು. ಇರುವ ಒಂದು ಲೈನು ತಪ್ಪಿ ರದ್ದಾದರೆ ಅದು ಮತ್ತೆ ಸಿಗುವುದಿಲ್ಲ. ನನಗೆ ಹೆದರಿಕೆ ಇದ್ದದ್ದು ಗಡುವಿನದಲ್ಲ, ಇದರದು.

ನನ್ನ ಹಠ ಒಂದೇ ಇತ್ತು. ಬಿಲ್ಲು ನೋಡಿ ಏನನ್ನೂ ರದ್ದು ಮಾಡಬಾರದು, ಪ್ರತಿಯೊಂದು ಸಾಕೆಟ್ಟಿನ ಮುಂದೆಯೂ ಹೋಗಿ ನಿಲ್ಲಬೇಕು. ಎಂಟು ಪೌಂಡಿನ ವೈರಿನ ಫೋನು, ಮಲ್ಟಿಮೀಟರು, ವೈರು ಎಲ್ಲಿಗೆ ಹೋಗಿದೆ ಅಂತ ಸದ್ದಿನಿಂದ ಪತ್ತೆ ಮಾಡುವ ಒಂದು ಟೋನರು, ಒಂದು ನೋಟ್‌ಬುಕ್ಕು. ಫೋನು ಚುಚ್ಚುವುದು, 17070 ಒತ್ತುವುದು, ರೆಕಾರ್ಡಿನ ದನಿ ಆ ಲೈನಿನ ನಂಬರನ್ನು ಓದಿ ಹೇಳುತ್ತದೆ, ಬರೆದುಕೊಳ್ಳುವುದು. ಎರಡು ಹಾಫ್ ಟರ್ಮ್ ರಜೆ ಇದಕ್ಕೇ ಹೋಯಿತು. ಸಮಯ ಹಾಳು ಅಂತ ಅಕೌಂಟ್ಸಿನವರಿಗೆ ಸಿಟ್ಟು.

ಒಂದು ಶಾಲೆಯ ಬಾಯ್ಲರ್ ರೂಮು ನೆನಪಿದೆ. ಪೈಪುಗಳ ಹಿಂದೆ ಬೆರಳುದ್ದ ಧೂಳು, ಅದರೊಳಗೆ ಹಳದಿ ತಿರುಗಿದ ಒಂದು ಸಾಕೆಟ್ಟು. ಮುಚ್ಚಳದ ಮೇಲೆ ಪೆನ್ನಿನಲ್ಲಿ ಬರೆದ ನಂಬರು 0533ರಿಂದ ಶುರುವಾಗುತ್ತಿತ್ತು. ಲೆಸ್ಟರಿನ ಕೋಡು 0116 ಆದದ್ದು 1995ರ ಏಪ್ರಿಲಿನಲ್ಲಿ. ಅಂದರೆ ಆ ಸಾಕೆಟ್ಟನ್ನು ಅದಕ್ಕೂ ಮೊದಲು ಯಾರೋ ಹಾಕಿದ್ದು. ಸತ್ತಿರುತ್ತದೆ ಅಂದುಕೊಂಡೇ ಮೀಟರು ಇಟ್ಟೆ, 50 ವೋಲ್ಟ್. ಫೋನು ಚುಚ್ಚಿದೆ, ಡಯಲ್ ಟೋನು. 17070 ಹೇಳಿದ ನಂಬರು ನಮ್ಮ ಬಿಲ್ಲಿನಲ್ಲೇ ಇರಲಿಲ್ಲ. ವೈರು ಹಿಡಿದು ಹೋದರೆ ಅದು ಬಾಯ್ಲರ್ ಕೆಟ್ಟಾಗ ಮೆಂಟೆನೆನ್ಸಿನವರಿಗೆ ತಾನೇ ಫೋನು ಮಾಡುವ ಡಬ್ಬಿಗೆ ಹೋಗಿತ್ತು, ದುಡ್ಡು ಬೇರೆ ಯಾವುದೋ ಖಾತೆಯಿಂದ ಹೋಗುತ್ತಿತ್ತು. ಮೂರೂ ಕೊಟೇಶನ್ನುಗಳಲ್ಲಿ ಇದರ ಸುದ್ದಿಯಿಲ್ಲ, ಯಾಕೆಂದರೆ ಮೂವರೂ ಬಿಲ್ಲು ನೋಡಿ ಬರೆದವರು.

ಕೊನೆಗೆ ಸಿಕ್ಕ ಲೆಕ್ಕ ಹೀಗೆ. ಬಿಲ್ಲಿನಲ್ಲಿ 31 ಲೈನು. ಆರು ಎಲ್ಲೂ ಸಿಗಲಿಲ್ಲ, ಕೆಡವಿದ ಪೋರ್ಟಕ್ಯಾಬಿನ್ನಿನ ಲೈನಿಗೂ ತಿಂಗಳು ತಿಂಗಳು ದುಡ್ಡು ಕಟ್ಟುತ್ತಿದ್ದೆವು. ಒಂಬತ್ತು ಜೀವಂತ, ಆದರೆ ತುದಿಯಲ್ಲಿ ಏನೂ ಇಲ್ಲ, ಹಳೇ ಫ್ಯಾಕ್ಸಿನದು, ಕಾರ್ಡ್ ಮೆಷಿನ್ನಿನದು. ನಿಜವಾಗಿ ಕೆಲಸ ಮಾಡುತ್ತಿದ್ದದ್ದು ಹದಿನಾರು. ಇದರ ಮೇಲೆ ಬಿಲ್ಲಿನಲ್ಲಿಲ್ಲದ ಎರಡು. ಒಂದೊಂದಕ್ಕೆ ತಿಂಗಳಿಗೆ ಇಪ್ಪತ್ತು ಚಿಲ್ಲರೆ ಪೌಂಡು ಅಂದರೆ ನೀವೇ ಲೆಕ್ಕ ಹಾಕಿ.

ಈಗ ಸೋತದ್ದು. ಮೇಜಿನ ಫೋನುಗಳು ಸುಲಭ, ಅದರ ಬಗ್ಗೆ ಹೇಳುವುದೇ ಇಲ್ಲ. ಕಷ್ಟ ಕೊಟ್ಟದ್ದು ಲಿಫ್ಟು. ಗಾಲಿಕುರ್ಚಿಯಲ್ಲಿ ಬರುವ ಮಕ್ಕಳಿಗಾಗಿ ಮೂರು ಶಾಲೆಯಲ್ಲಿ ಲಿಫ್ಟಿದೆ. ಒಳಗಿನ ಎಮರ್ಜೆನ್ಸಿ ಫೋನು ಮೂರು ದಿನಕ್ಕೊಮ್ಮೆಯಾದರೂ ತಾನೇ ಟೆಸ್ಟ್ ಕಾಲ್ ಮಾಡಬೇಕು. ದುಡ್ಡು ಉಳಿಸೋಣ ಅಂತ ಲೈನಿನ ಬದಲು ಸಿಮ್ ಮೂಲಕ ಕರೆ ಕಳಿಸುವ ಸೆಕೆಂಡ್ ಹ್ಯಾಂಡ್ ಮೊಬೈಲ್ ಗೇಟ್‌ವೇ ಮೂರು ತಂದೆ, ಒಟ್ಟು 270 ಪೌಂಡು ಇರಬೇಕು. ಅವು 3ಜಿ. ಇಲ್ಲಿನ ಮೊಬೈಲ್ ಕಂಪನಿಗಳು ಆಗಲೇ 3ಜಿ ಮುಚ್ಚುತ್ತಿದ್ದವು. ನಾಲ್ಕು ತಿಂಗಳಲ್ಲಿ ಟೆಸ್ಟ್ ಕಾಲ್ ನಿಂತಿತು, ಅದೂ ಲಿಫ್ಟಿನವರು ಹೇಳಿದ ಮೇಲೆ ಗೊತ್ತಾಯಿತು. ಅಷ್ಟು ದಿನ ಒಂದು ಮಗು ಒಳಗೆ ಸಿಕ್ಕಿಬಿದ್ದಿದ್ದರೆ ಅಂತ ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನವೇ 4ಜಿ, ವೋಲ್ಟೀ ಇರುವ, ಒಳಗೇ ಬ್ಯಾಟರಿ ಇರುವ ಹೊಸ ಗೇಟ್‌ವೇ ತರಿಸಿದೆ, ಒಂದಕ್ಕೆ 240ರ ಹತ್ತಿರ. ಲಿಫ್ಟಿನ ಗೂಡಿನೊಳಗೆ ಸಿಗ್ನಲ್ ಬರುವುದಿಲ್ಲ, ಎಲ್ಲರ ತಕರಾರೂ ಇದೇ. ಆಂಟೆನಾ ಮೇಲಕ್ಕೆ ಒಯ್ಯಬೇಕು. ಎಲ್ಲಿ ಇಟ್ಟೆ, ಯಾವ ಕೇಬಲ್ಲು ಹಾಕಿದೆ ಅನ್ನುವುದನ್ನು ಮಾತ್ರ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ, ಎರಡು ವಾರಾಂತ್ಯ ಏಣಿ ಹತ್ತಿ ಇಳಿದು ಕಂಡುಕೊಂಡದ್ದು.

ಎರಡನೆಯದು ಕಳ್ಳರ ಅಲಾರಂ. ಅಲಾರಂ ಆದಾಗ ತಾನೇ ಫೋನು ಮಾಡುವ ಹಳೇ ಡಯಲರನ್ನು ಎಟಿಎಗೆ, ಅಂದರೆ ಹಳೇ ಫೋನನ್ನು ಇಂಟರ್ನೆಟ್ಟಿಗೆ ಕೂಡಿಸುವ ಡಬ್ಬಿಗೆ ಸಿಕ್ಕಿಸಿದರೆ ಸಾಕು ಅಂದುಕೊಂಡೆ. ಆ ಡಯಲರು ಮಾತಾಡುವುದು ಟೋನಿನಲ್ಲಿ. ಮಾನಿಟರಿಂಗ್ ಸೆಂಟರಿನಿಂದ 1400, 2300 ಹರ್ಟ್ಸಿನ ಎರಡು ಬೀಪು ಬಂದ ಮೇಲೆ ತನ್ನ ಕೋಡು ಕಳಿಸುತ್ತದೆ. ಆ ಟೋನು ದಾರಿಯಲ್ಲಿ ಕೆಡದಿರಲಿ ಅಂತ ಕೋಡೆಕ್ಕು ಜಿ.711ಕ್ಕೆ ಕಟ್ಟಿಹಾಕಿದೆ, ಎಕೋ ಕ್ಯಾನ್ಸಲ್ ತೆಗೆದೆ, ಜಿಟರ್ ಬಫರ್ ಸ್ಥಿರ ಮಾಡಿದೆ. ಹತ್ತರಲ್ಲಿ ಎಂಟು ಸಲ ಕೋಡು ಸರಿಯಾಗಿ ತಲುಪಿತು. ಅಲಾರಮ್ಮಿಗೆ ಎಂಟು ಸಾಲದು. ಮೂರು ವಾರ ಹೆಣಗಿ ಕೈಬಿಟ್ಟೆ. ಫೈರಿಗೂ ಕಳ್ಳತನಕ್ಕೂ ಸೇರಿಸಿ ಐಪಿ ಮತ್ತು 4ಜಿ ಎರಡೂ ದಾರಿಯಿರುವ ಸಿಗ್ನಲಿಂಗ್ ಡಬ್ಬಿಗಳನ್ನೇ ಅಲಾರಂ ಕಂಪನಿಯಿಂದ ಹಾಕಿಸಿದೆ. ಹದಿನಾಲ್ಕು ಸಾವಿರದಲ್ಲಿ ಸುಮಾರು ಐದು ಇದಕ್ಕೇ ಹೋಯಿತು. ಇದರಲ್ಲಿ ಚೌಕಾಸಿ ಬೇಡ.

ಮೂರನೆಯದು ಕರೆಂಟು. ಊರಲ್ಲಿ ಕರೆಂಟು ಹೋಗಿ ಮನೆಯೆಲ್ಲ ಕತ್ತಲಾದರೂ ಲ್ಯಾಂಡ್‌ಲೈನು ರಿಂಗಾಗುತ್ತಿದ್ದದ್ದು ನಾವೆಲ್ಲ ಕಂಡದ್ದೇ, ಎಕ್ಸ್‌ಚೇಂಜಿನ ಬ್ಯಾಟರಿ ಅದನ್ನು ನಡೆಸುತ್ತಿತ್ತು. ಈಗ ಆ ಜವಾಬ್ದಾರಿ ಶಾಲೆಯ ನೆಟ್‌ವರ್ಕ್ ಕ್ಯಾಬಿನೆಟ್ಟಿಗೆ ಬಂದಿದೆ. ಒಂದು ಶನಿವಾರ ಸೆಕೆಂಡರಿಯ ಮೇನ್ ಬ್ರೇಕರು ಇಳಿಸಿ ಸ್ಟಾಪ್‌ವಾಚ್ ಹಿಡಿದು ಕೂತೆ. ಯುಪಿಎಸ್ಸಿನ ಪರದೆ ಒಂದು ಗಂಟೆ ಅಂತ ತೋರಿಸುತ್ತಿತ್ತು, 19 ನಿಮಿಷಕ್ಕೆ ಎಲ್ಲ ಆರಿತು. ಸರ್ವರ್ ಕಂಪ್ಯೂಟರು ಕೂಡ ಅದೇ ಯುಪಿಎಸ್ಸಿನ ಮೇಲಿತ್ತು. ಸರ್ವರಿಗೆ ಬೇರೆ ಯುಪಿಎಸ್ ಕೊಟ್ಟು, ಕರೆಂಟು ಹೋದಾಗ ಕ್ಲಾಸ್‌ರೂಮ್ ಫೋನುಗಳ ಪಿಒಇ ಕಡಿದು ಆಫೀಸಿನ ಎರಡು ಫೋನು, ಫೈಬರಿನ ಡಬ್ಬಿ, ರೂಟರು ಮಾತ್ರ ಉಳಿಯುವಂತೆ ಮಾಡಿದೆ. ಈಗ ಎರಡು ಗಂಟೆ ಮೇಲೆ ನಿಲ್ಲುತ್ತದೆ.

ಇನ್ನೊಂದು, ದಯವಿಟ್ಟು ಇವತ್ತೇ ನೋಡಿ. ಸಪ್ಲೈಯರಿನ ಪೋರ್ಟಲಿನಲ್ಲಿ ಪ್ರತಿ ನಂಬರಿಗೂ 999ರ, ಅಂದರೆ ಇಲ್ಲಿನ ತುರ್ತು ಕರೆಯ ವಿಳಾಸ ಬೇರೆ ಬೇರೆ ತುಂಬಬೇಕು. ನಮ್ಮ ಏಳೂ ಶಾಲೆಗೆ ಹೆಡ್ ಆಫೀಸಿನ ವಿಳಾಸವೇ ತುಂಬಿತ್ತು. ಹಳ್ಳಿಯ ಪ್ರೈಮರಿಯಿಂದ ಮಾತಾಡಲಾಗದವರು ಆಂಬುಲೆನ್ಸಿಗೆ ಕರೆದರೆ ಗಾಡಿ ಆರು ಮೈಲಿ ದೂರದ ಆಫೀಸಿನ ಬಾಗಿಲಿಗೆ ಹೋಗುತ್ತಿತ್ತು. ಯಾರೂ ಹೇಳಿರಲಿಲ್ಲ, ನಾನೇ ಒಂದೊಂದು ಪುಟ ತೆರೆದು ಹಿಡಿದದ್ದು.

ಪೋರ್ಟಿಂಗಿನಲ್ಲೂ ಒಮ್ಮೆ ಪೆಟ್ಟು ತಿಂದೆ. ಮೊದಲ ಶಾಲೆಯದ್ದು ಸೋಮವಾರ ಬೆಳಿಗ್ಗೆಗೆ ಒಪ್ಪಿಕೊಂಡೆ. ಮಕ್ಕಳಿಗೆ ಹುಷಾರಿಲ್ಲ ಅಂತ ಅಪ್ಪ ಅಮ್ಮಂದಿರು ಫೋನು ಮಾಡುವ ಹೊತ್ತು ಅದು. ಒಂದು ಮೊಬೈಲ್ ಜಾಲದಿಂದ ಕರೆ ಬರುತ್ತಿತ್ತು, ಇನ್ನೊಂದರಿಂದ ಮಧ್ಯಾಹ್ನದವರೆಗೂ ಬರಲಿಲ್ಲ. ಆಮೇಲೆ ಎಲ್ಲ ರಜೆಯಲ್ಲೇ ಮಾಡಿದೆ. ಬ್ರಾಡ್‌ಬ್ಯಾಂಡ್ ಕೂತಿದ್ದ ಲೈನುಗಳನ್ನು ಪೋರ್ಟ್ ಮುಗಿಯುವ ಮೊದಲು ಮುಟ್ಟಲೇ ಇಲ್ಲ, ಮುಟ್ಟಿದ್ದರೆ ನಂಬರೇ ಹೋಗುತ್ತಿತ್ತು. ಒಂದು ಅರ್ಜಿಯೂ ತಿರಸ್ಕಾರ ಆಗದ ಹಾಗೆ ಫಾರಂ ಹೇಗೆ ತುಂಬಿದೆ ಅನ್ನುವುದು ಮುಖತಃ ಸಿಕ್ಕಾಗ.

ನಡುವೆ ಒಂದು ಆಟವೂ ಆಯಿತು. ಒಬ್ಬ ಕೇರ್‌ಟೇಕರ್ ಹತ್ತಿರ 746 ಮಾಡೆಲಿನ ಹಳೇ ಡಯಲ್ ಫೋನಿತ್ತು, ಅದೂ ನಡೆಯಬೇಕು ಅಂದರು. ತಿರುಗುವ ಡಯಲಿನ ಪಲ್ಸುಗಳನ್ನು ಹಿಡಿಯುವ ಎಟಿಎ ಹುಡುಕಿದೆ. ಡಯಲ್ ಆಯಿತು, ಮಾತು ಕೇಳಿಸಿತು, ಗಂಟೆ ಮಾತ್ರ ಹೊಡೆಯದು. ಇಲ್ಲಿನ ವೈರಿಂಗಿನಲ್ಲಿ ರಿಂಗಿನ ಕೆಪಾಸಿಟರು ಮಾಸ್ಟರ್ ಸಾಕೆಟ್ಟಿನಲ್ಲಿರುತ್ತದೆ, ಎಟಿಎಯಲ್ಲಿ ಇರುವುದಿಲ್ಲ. ಮೂರು ಪೌಂಡಿನ ಕೆಪಾಸಿಟರ್ ಇರುವ ಅಡಾಪ್ಟರ್ ಹಾಕಿದ ಮೇಲೆ ಅಂಗಳದವರೆಗೂ ಕೇಳುವಂತೆ ಹೊಡೆಯಿತು. ಅದೇ ಅಡಾಪ್ಟರು ಆಟದ ಮೈದಾನದ ಹೊರಗಂಟೆಗೂ ಕೆಲಸಕ್ಕೆ ಬಂತು.

ತಿಂಗಳ ಬಿಲ್ಲು 900 ಪೌಂಡಿನ ಹತ್ತಿರ ಇದ್ದದ್ದು ಈಗ 320ರ ಸುತ್ತ. ಎರಡು ವರ್ಷದಲ್ಲಿ ಹಾಕಿದ ದುಡ್ಡು ವಾಪಸ್ಸು. ಸಿಟ್ಟಾಗಿದ್ದ ಅಕೌಂಟ್ಸಿನವರೇ ನನ್ನ ನೋಟ್‌ಬುಕ್ಕಿನ ಪ್ರತಿ ಕೇಳಿ ಪಡೆದು ಫೈಲಿಗೆ ಸೇರಿಸಿದ್ದಾರೆ. ಬಾಯ್ಲರ್ ರೂಮಿನ ಲೈನೊಂದು ಬಾಕಿ. ಅದರ ಖಾತೆದಾರರು ಯಾರು ಅಂತ ಪತ್ರ ಬರೆದಿದ್ದೇನೆ, ಉತ್ತರ ಬರುವವರೆಗೆ ಆ ಡಬ್ಬಿಯನ್ನು ಮುಟ್ಟುವುದಿಲ್ಲ.